ಆ ಖಾಲಿ ಚೌಕದಲ್ಲಿ ಯಾರ ಕೈ

ಮೊಮ್ಮಗಳು ಸಿಂಚನಾ ಮೊನ್ನೆ ಮಧ್ಯಾಹ್ನ ಒಂದು ಹಾಳೆ ತಂದು ನನ್ನ ಮುಂದೆ ಹಿಡಿದಳು. ಹಾಳೆಯ ಮುಕ್ಕಾಲು ಭಾಗ ಬರೀ ಕಪ್ಪು.

"ಏನೇ ಇದು, ಮಸಿ ಬಾಟ್ಲಿ ಚೆಲ್ಕೊಂಡ್ಯಾ? ನಮ್ಮ ಹಳೇ ಬಚ್ಚಲ ಗೋಡೆ ಇದಕ್ಕಿಂತ ಬೆಳ್ಳಗಿತ್ತು" ಎಂದೆ.

"ನ್ವಾರ್ ಕಾಮಿಕ್ಸು ಅಜ್ಜಿ. ಹೀಗೇ ಇರೋದು."

ಬಣ್ಣ ಇಲ್ಲ, ಬೂದಿಯ ಬಣ್ಣ ಕೂಡ ಇಲ್ಲ. ಹೇಳಲೇಬೇಕಾದ್ದನ್ನು ಮಾತ್ರ ಬಿಳಿಯಾಗಿ ಉಳಿಸಿ, ಮಿಕ್ಕಿದ್ದನ್ನೆಲ್ಲ ಕಪ್ಪಿಗೆ ಬಿಟ್ಟುಬಿಡುವುದಂತೆ.

ಕನ್ನಡಕ ಹಾಕಿಕೊಂಡು ನೋಡಿದೆ. ನೋಡುತ್ತಾ ನೋಡುತ್ತಾ ಕಪ್ಪಿನೊಳಗಿಂದ ಒಂದು ಟೋಪಿಯ ಅಂಚು ಎದ್ದು ಬಂತು, ಅದರ ಕೆಳಗೆ ಅರ್ಧ ಮೀಸೆ. ಮುಖವೇ ಇಲ್ಲ, ಆದರೂ ಗುರುತು ಸಿಕ್ಕಿತು... ನಮ್ಮ ಎಸ್ಟೇಟಿನಲ್ಲಿ ಆಳುಗಳ ಕೆಲಸ, ಲೆಕ್ಕ ನೋಡುತ್ತಿದ್ದ ರೈಟರಯ್ಯ.

ಅವಳು ಬರೆಯುತ್ತಿದ್ದದ್ದು ನಾನೇ ಹೇಳಿದ್ದ ಕಥೆ.

ಕೊಡಗು ಇನ್ನೂ ತಾನೇ ಒಂದು ರಾಜ್ಯವಾಗಿದ್ದ ಕಾಲ ಅದು. ನನಗೆ ಎಂಟು ವರ್ಷ ಇರಬೇಕು. ಹಾಸನದ ಕಡೆಯಿಂದ ಬಂದ ಅಪ್ಪ ಅಮ್ಮ ಪಾಲಿಬೆಟ್ಟದ ಹತ್ತಿರದ ಎಸ್ಟೇಟೊಂದರಲ್ಲಿ, ಕೂಲಿಯವರ ಸಾಲುಮನೆಯಲ್ಲಿ, ಅಂದರೆ ಲೈನಿನ ಒಂದು ಕೋಣೆಯಲ್ಲಿ ಸಂಸಾರ ಹೂಡಿದ್ದರು. ಕಾಫಿ ಪಿಕ್ಕಿಂಗಿಗೆ ಅಮ್ಮನ ಜೊತೆ ನಾನೂ ಹೋಗುತ್ತಿದ್ದೆ.

ಪಕ್ಕದ ಕೋಣೆಯವಳು ಚೆಲ್ಲಮ್ಮ, ತಮಿಳಿನವಳು. ಗಿಡದ ಸಾಲೂ ನಮ್ಮ ಪಕ್ಕದ್ದೇ. ಭಾನುವಾರ ನನ್ನ ತಲೆಯ ಹೇನು ಹೆಕ್ಕುತ್ತಿದ್ದವಳು ಅವಳು, ನಮ್ಮಮ್ಮನಿಗೆ ಅಷ್ಟು ತಾಳ್ಮೆ ಇರಲಿಲ್ಲ.

ಕೆಂಪು ಹಣ್ಣನ್ನು ಮಾತ್ರ ಬಿಡಿಸಬೇಕು, ಹಸಿರು ಕಾಯಿ ಮುಟ್ಟುವಂತಿಲ್ಲ. ಚೀಲದಲ್ಲಿ ಹಸಿರು ಕಂಡರೆ ರೈಟರ್ ಕೆಲಸದಿಂದಲೇ ತೆಗೆಯುತ್ತಿದ್ದ.

ಒಂದು ದಿನ ಚೆಲ್ಲಮ್ಮನ ಚೀಲ ಸುರಿಸಿದಾಗ ಬೊಗಸೆಗಟ್ಟಲೆ ಹಸಿರು ಬಂತು. ಮಾರನೇ ಬೆಳಿಗ್ಗೆ ಅವಳು ಗಂಟು ಕಟ್ಟಿಕೊಂಡು ಲೈನು ಬಿಟ್ಟು ಹೋದಳು.

ಆ ರೈಟರ್ ಎಂಥ ಕಟುಕ ಎಂದು ಈ ಕಥೆಯನ್ನು ಮಕ್ಕಳಿಗೂ ಮೊಮ್ಮಕ್ಕಳಿಗೂ ಎಷ್ಟು ಸಲ ಹೇಳಿದ್ದೇನೋ. ಅವನ ಹಾಗೆ ಎದೆ ಉಬ್ಬಿಸಿ ನಡೆದು ತೋರಿಸಿ ನಗಿಸಿದ್ದೂ ಉಂಟು.

ಕಪ್ಪು ಬಿಳುಪಿನಲ್ಲಿ ಕೆಂಪನ್ನು ಎಲ್ಲಿಂದ ತರುವುದು, ಹಸಿರನ್ನು ಎಲ್ಲಿಂದ ತರುವುದು? ಅದಕ್ಕೆ ಸಿಂಚನಾ ಹಣ್ಣನ್ನೆಲ್ಲ ಕಪ್ಪು ಮಾಡಿ, ಹಸಿರು ಕಾಯನ್ನು ಬಿಳಿ ಚುಕ್ಕೆಯಾಗಿ ಬಿಟ್ಟಿದ್ದಳು. ನೋಡಿದ ಕೂಡಲೇ ಕಣ್ಣು ಅಲ್ಲಿಗೇ ಹೋಗುತ್ತದೆ.

ಜಾಣೆ. ಆದರೆ ಅವಳ ಎದುರಿಗೆ ಹೇಳಲಿಲ್ಲ, ತಲೆ ಮೇಲೆ ಕೂರುತ್ತಾಳೆ.

ಚೀಲ ಸುರಿಸಿದ ಆ ರಾಶಿಯ ಚಿತ್ರಕ್ಕೆ ಮುಂಚೆ ಒಂದು ಚೌಕ ಖಾಲಿ ಇತ್ತು.

"ಇಲ್ಲಿ ಒಂದು ಕೈ ಬರುತ್ತೆ ಅಜ್ಜಿ, ಚೀಲಕ್ಕೆ ಹಸಿರು ಕಾಯಿ ಹಾಕ್ತಿರೋದು. ಚೆಲ್ಲಮ್ಮ ಎಷ್ಟು ಬಳೆ ತೊಡ್ತಿದ್ಲು?"

ಬಾಯಲ್ಲಿ ಹೇಳುವ ಕಥೆಗೆ ಕೈ ಬೇಕಾಗಿಲ್ಲ ನೋಡಿ. ಹಸಿರು ಬಂತು ಎಂದರೆ ಮುಗಿಯಿತು, ಯಾರೂ ಹಾಕದೆ ತಾನಾಗಿ ಬಂದ ಹಾಗೆ. ಚಿತ್ರದಲ್ಲಿ ಹಾಗೆ ನಡೆಯುವುದಿಲ್ಲ... ಯಾರದೋ ಒಂದು ಕೈ ಇರಲೇಬೇಕು.

ಅವಳು ಪೆನ್ನು ಹಿಡಿದು ಕಾಯುತ್ತಿದ್ದಳು.

"ಬಳೆ ಬೇಡ" ಎಂದೆ. "ಸಣ್ಣ ಕೈ ಬರಿ. ಎಂಟು ವರ್ಷದ್ದು."

ಅವತ್ತು ಆಟಕ್ಕೆಂದು ಒಂದು ಕೊಂಬೆಯನ್ನು ಬುಡದಿಂದ ತುದಿಯವರೆಗೆ ಒಂದೇ ಎಳೆತಕ್ಕೆ ಸವರಿದ್ದೆ. ಲಂಗದ ಮಡಿಲ ತುಂಬ ಹಸಿರು ಕಾಯಿ. ಅಷ್ಟರಲ್ಲಿ ಕೆಳಗಿನ ಸಾಲಿನಿಂದ ರೈಟರ್ ಹತ್ತಿ ಬರುವುದು ಕಂಡಿತು.

ಅಮ್ಮನಿಗೆ ಅವನು ಆಗಲೇ ಒಂದು ಸಲ ಹೇಳಿದ್ದ, ಇನ್ನೊಂದು ಸಲ ಹಸಿರು ಕಂಡರೆ ಇಲ್ಲಿ ನಿಲ್ಲಬೇಡ ಎಂದು. ನೆಲಕ್ಕೆ ಚೆಲ್ಲಿದರೂ ನಮ್ಮ ಸಾಲಿನಲ್ಲೇ ಸಿಗುತ್ತದೆ. ಚೆಲ್ಲಮ್ಮ ನೀರು ಕುಡಿಯಲು ಹೋಗಿದ್ದಳು, ಅವಳ ಚೀಲದ ಬಾಯಿ ತೆರೆದಿತ್ತು.

ಚೀಲ ಸುರಿಸಿದಾಗ "ನಾನಲ್ಲ ಅಯ್ಯಾ" ಎಂದು ಒಂದೇ ಸಲ ಹೇಳಿದಳು ಅವಳು. ನಾನು ಅಮ್ಮನ ಸೆರಗಿನ ಹಿಂದೆ ನಿಂತು ಕೇಳಿಸಿಕೊಂಡೆ. ಅಮ್ಮನಿಗೂ ಕೊನೆಯವರೆಗೆ ಹೇಳಲಿಲ್ಲ.

ಸಿಂಚನಾ ಬೈಯಲಿಲ್ಲ. ಬೈದಿದ್ದರೆ ತಿರುಗಿ ಬೈಯಬಹುದಿತ್ತು, ಅದು ನನಗೆ ಚೆನ್ನಾಗಿ ಬರುತ್ತದೆ.

ತಲೆ ತಗ್ಗಿಸಿ ಬರೆದಳು. ನಾಲ್ಕೇ ಗೆರೆ. ಒಂದು ಪುಟ್ಟ ಬಿಳಿ ಕೈ, ಕೆಳಗೆ ಚೀಲದ ಬಾಯಿ. ಮಣಿಕಟ್ಟಿನಿಂದ ಆಚೆಗೆ ಎಲ್ಲ ಕಪ್ಪು.

"ಮುಖ ಎಲ್ಲೇ?"

"ಬೇಡ ಅಜ್ಜಿ. ಕೈ ಸಾಕು. ಮುಖ ತೋರಿಸಿದ್ರೆ ಚಿತ್ರ ಕೆಟ್ಟೋಗುತ್ತೆ."

"ಅವತ್ತೂ ತೋರಿಸ್ಲಿಲ್ಲ ಕಣೇ. ಅದಕ್ಕೇ ಕೆಟ್ಟಿದ್ದು."

ಸಿಂಚನಾ ಪೆನ್ನು ಕೆಳಗಿಟ್ಟಳು. ಆಮೇಲೆ ಕಪ್ಪಿನ ಮೇಲೆ ವೈಟ್ನರ್ ಬಳಿದು, ಆರುವವರೆಗೆ ಊದಿ, ಒಂದು ಮುಖ ಬರೆದಳು. ಎರಡು ಜಡೆ, ದೊಡ್ಡ ಕಿವಿ. ಚಿತ್ರ ಕೆಟ್ಟಿತೋ ಏನೋ, ನನಗೆ ತಿಳಿಯುವುದಿಲ್ಲ. ನಾನೇ ಎಂದು ಮಾತ್ರ ಗೊತ್ತಾಗುತ್ತದೆ.

ಸಿಂಚನಾಳ ಕಾಮಿಕ್ಸು ಪುಸ್ತಕವನ್ನು ಅವಳ ಗೆಳತಿಯರು ಓದುತ್ತಾರೆ. ಆದರೆ ಅದು ಚೆಲ್ಲಮ್ಮನ ಮನೆಗೆ ಹೋಗುವುದಿಲ್ಲವಲ್ಲ... ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಚೆಲ್ಲಮ್ಮ ನಮ್ಮಮ್ಮನಿಗಿಂತ ದೊಡ್ಡವಳು, ಈಗ ಇರಲಾರಳು. ನೆಲ್ಯಹುದಿಕೇರಿ ಕಡೆ ಹೋದಳು ಎಂದು ಆಗ ಯಾರೋ ಹೇಳಿದ್ದರು. ಮಕ್ಕಳು ಮೊಮ್ಮಕ್ಕಳು ಇದ್ದಾರು. ತಮ್ಮ ಅಜ್ಜಿಯನ್ನು ಯಾಕೆ ಓಡಿಸಿದರೆಂದು ಅವರ ಮನೆಯಲ್ಲೂ ಒಂದು ಕಥೆ ಇದ್ದೀತು.

ಆ ಹಸಿರು ಕಾಯಿ ಅವಳು ಬಿಡಿಸಿದ್ದಲ್ಲ, ನಾನು ಬಿಡಿಸಿದ್ದು. ಪಾಲಿಬೆಟ್ಟದ ಲೈನು ಬಿಟ್ಟು ಬಂದ ಚೆಲ್ಲಮ್ಮ ಎಂಬ ಅಜ್ಜಿ ನಿಮ್ಮ ಯಾರ ಮನೆಯಲ್ಲಾದರೂ ಇದ್ದಳಾ?