ಮಗಳ ಪುಸ್ತಕದಲ್ಲಿ ನನ್ನ ಅಕ್ಷರ

"ನಿಮ್ ಮಗೀಗೆ ಓದಕ್ ಬರಾಕಿಲ್ಲ ಕಣಮ್ಮ, ಗೊತ್ತಾ ನಿಮ್ಗೆ?"

ಮದ್ದೂರಿನ ಅಂಚೆ ಕಚೇರಿಯ ಕೌಂಟರಿನಲ್ಲಿ ನಾನು ಕೂರಲು ಶುರುಮಾಡಿ ಮೂರು ವಾರವಾಗಿತ್ತು. ಸಾಲಿನಲ್ಲಿ ಎಂಟೊಂಬತ್ತು ಜನರಿದ್ದರು. ಮುಂದೆ ಬಂದು ನಿಂತ ಹೆಂಗಸು ಯಾವ ಕವರನ್ನೂ ಕೊಡದೆ, ಗಾಜಿನ ಕಿಂಡಿಗೆ ಬಾಯಿಟ್ಟು ಇಷ್ಟು ಹೇಳಿದರು. ನನ್ನ ಮಗಳು ಧನ್ಯಾ ಹೊಸದಾಗಿ ಸೇರಿದ ಶಾಲೆಯ ಗಣಿತದ ಟೀಚರ್, ಹೆಸರು ಮಹದೇವಮ್ಮ. ಸಾಲಿನಲ್ಲಿದ್ದವರೆಲ್ಲ ನನ್ನ ಮುಖ ನೋಡಿದರು. ಹಿಂದಿದ್ದ ಅಜ್ಜ ಒಬ್ಬರು "ಅಯ್ಯೋ ಪಾಪ" ಎಂದೇಬಿಟ್ಟರು.

ಟೀಚರ್ ಕಿಂಡಿಯೊಳಗೆ ಒಂದು ಹಾಳೆ ತೂರಿಸಿದರು. "ತಲೆ ಮಾತ್ರ ಅಂಥಿಂಥದ್ದಲ್ಲ. ಇದ ನೋಡಿ. ನಾನು ಅರ್ಧ ಬೋರ್ಡು ಬರ್ದು ಬುಡ್ಸೋ ಲೆಕ್ಕವ ಒಂದ್ ಗೆರೆ ಎಳ್ದು ಮುಗ್ಸವ್ಳೆ. ಎಂಗೆ ಮಾಡ್ದೆ, ಎಲ್ಡ್ ಸಾಲು ಬರಿ ಅಂದ್ರೆ ಅಳ್ತಾ ಕುಂತವ್ಳೆ."

ಹಾಳೆಯಲ್ಲಿ ಒಂದು ವೃತ್ತ, ಒಳಗೊಂದು ತ್ರಿಕೋನ, ನಡುವೆ ಪೆನ್ಸಿಲಿನಲ್ಲಿ ಎಳೆದ ಒಂದೇ ಗೆರೆ. ನನಗೆ ಲೆಕ್ಕ ಅರ್ಥವಾಗಲಿಲ್ಲ. ಅವಮಾನ ಮಾತ್ರ ಚೆನ್ನಾಗಿ ಅರ್ಥವಾಯಿತು.

ಉಡುಪಿಯ ಕಡೆ ಕೂತು ಇದನ್ನು ಓದುತ್ತಿರುವ ನಿಮಗೆ ಈ ದನಿ ಹೇಗೆ ಕೇಳುತ್ತದೆಂದು ಬಲ್ಲೆ. ನಮ್ಮಲ್ಲಿ ಮಾತನ್ನು ಬಾಳೆಎಲೆಯಲ್ಲಿ ಸುತ್ತಿ ಕೊಡುತ್ತೇವೆ. ಧನ್ಯಾಳ ಹಳೆಯ ಶಾಲೆಯಲ್ಲಿ ಎಂಟು ವರ್ಷ ನನಗೆ ಸಿಕ್ಕಿದ್ದು ಒಂದೇ ಮಾತು: "ಸ್ವಲ್ಪ ನಿಧಾನ ಅಷ್ಟೆ, ಸಮಯ ಹೋದ ಹಾಗೆ ಸರಿ ಆಗ್ತದೆ." ಮನೆಯಲ್ಲಿ ತುಳುವಿನಲ್ಲಿ ಅದೇ, "ಮಾತಾ ಸರಿ ಆಪುಂಡು." ಬಡ್ತಿಯ ಜೊತೆ ನನಗೆ ಮದ್ದೂರಿಗೆ ವರ್ಗವಾದಾಗ ಎಲ್ಲರೂ ಕೇಳಿದ್ದು, ಹತ್ತನೇ ತರಗತಿಯ ಫಲಿತಾಂಶಕ್ಕೆ ಹೆಸರಾದ ಜಿಲ್ಲೆ ಬಿಟ್ಟು ಹುಡುಗಿಯನ್ನು ಅಲ್ಲಿಗೆ ಯಾಕೆ ಎಳೆದುಕೊಂಡು ಹೋಗುತ್ತೀ ಎಂದು. ಗಂಡ ಉಡುಪಿಯಲ್ಲೇ ಕಾಲೇಜಿನಲ್ಲಿ ಪಾಠ ಮಾಡುತ್ತಾರೆ, ತಿಂಗಳಿಗೊಮ್ಮೆ ಬರುತ್ತಾರೆ. ಮಗಳನ್ನು ಬಿಟ್ಟು ಬರಲು ನನಗೆ ಧೈರ್ಯವಿರಲಿಲ್ಲ. ಅದಕ್ಕೊಂದು ಕಾರಣವಿತ್ತು, ಅದಕ್ಕೆ ಆಮೇಲೆ ಬರುತ್ತೇನೆ.

ಇಲ್ಲಿ ಮನೆ ಸಿಕ್ಕಿದ್ದೂ ಇದೇ ಧಾಟಿಯಲ್ಲಿ. ಮನೆಯೊಡತಿ ಕೆಂಪಮ್ಮ ಬಾಗಿಲಲ್ಲೇ ನಿಂತು, "ಯಾವ್ ಜನ ನೀವು? ಮೀನ್ ತಿಂತೀರಾ? ಗಂಡ ಯಾಕ್ ಜೊತೇಲಿಲ್ಲ?" ಎಂದು ಒಂದೇ ಉಸಿರಿಗೆ ಕೇಳಿದರು. ನಾನು ಮರ್ಯಾದೆಯ ಉತ್ತರ ಜೋಡಿಸುವಷ್ಟರಲ್ಲಿ ಬೀಗದ ಕೈ ನನ್ನ ಕೈಯಲ್ಲಿತ್ತು. ಸಂಜೆ ಮುದ್ದೆ, ಉಪ್ಸಾರು ತಂದಿಟ್ಟರು. ಉಪ್ಸಾರು ಎಂದರೆ ಕಾಳು, ಸೊಪ್ಪು ಬೇಯಿಸಿ ಬಸಿದ ನೀರಿಗೆ ಉಪ್ಪು ಹಾಕಿದ್ದು, ಖಾರವನ್ನು ಬೇರೆಯಾಗಿ ಅರೆದು ತಟ್ಟೆಯಲ್ಲಿ ಕಲೆಸಿಕೊಳ್ಳಬೇಕು. ನುಂಗಬೇಕಾದ ಮುದ್ದೆಯನ್ನು ಅಗಿದು ತಿಂದ ನನ್ನನ್ನು ನೋಡಿ ಅವರು ನಕ್ಕ ನಗು ಇನ್ನೂ ಬೀದಿಯಲ್ಲಿ ಓಡಾಡಿಕೊಂಡಿದೆ. ಮಂಜುಗಡ್ಡೆಯಲ್ಲಿ ಬರುವ ಬಂಗುಡೆ ಮೀನಿನ ಕಣ್ಣು ನೋಡಿದರೆ ನನಗೆ ಊಟ ಬೇಡವಾಗುತ್ತದೆ. ತುಳು ಮಾತಾಡಲು ಫೋನು ಬಿಟ್ಟರೆ ಯಾರೂ ಇಲ್ಲ. ದಣಿವು ಅನ್ನುವುದು ಕೆಲಸದಿಂದ ಮಾತ್ರ ಬರುವುದಲ್ಲ, ದಿನವಿಡೀ ಬೇರೆಯವರ ದನಿಗೆ ಕಿವಿ ಹೊಂದಿಸಿಕೊಳ್ಳುವುದರಿಂದಲೂ ಬರುತ್ತದೆ. ಟೀ ಅಂಗಡಿಯ ಮುಂದೆ ಇಬ್ಬರು ಲೇ, ಲಾ ಎಂದು ಕಿರುಚುತ್ತಿದ್ದರೆ ಜಗಳವೆಂದು ನಾನು ಹೆದರುತ್ತಿದ್ದೆ. ಅವರು ಮದುವೆಗೆ ಕರೆಯುತ್ತಿರುತ್ತಿದ್ದರು.

ಮಹದೇವಮ್ಮ ಟೀಚರ್ ಮರುವಾರ ಮನೆಗೇ ಬಂದರು. ತರಗತಿಯಲ್ಲಿ ಅವರು ಧನ್ಯಾಳಿಂದ ಬರೆಸುವುದನ್ನೇ ನಿಲ್ಲಿಸಿದ್ದರು. ಬೋರ್ಡಿನ ಮುಂದೆ ನಿಲ್ಲಿಸಿ ಬಾಯಲ್ಲಿ ಹೇಳಿಸುತ್ತಿದ್ದರು. ಒಂಬತ್ತನೆಯ ತರಗತಿಯ ಹುಡುಗಿ ಹತ್ತನೆಯವರಿಗೆ ರೇಖಾಗಣಿತ ವಿವರಿಸುತ್ತಿದ್ದಳಂತೆ. ನನಗದು ಗೊತ್ತೇ ಇರಲಿಲ್ಲ. "ನನ್ ಕ್ಲಾಸಲ್ಲಿ ಇದು ನಡೀತದೆ. ಎಸೆಸೆಲ್ಸಿಲಿ ಯಾರ್ ಬುಡ್ತಾರೆ? ಕನ್ನಡ, ಇಂಗ್ಲೀಸು ಪೇಪರ್‌ನಲ್ಲೇ ಫೇಲಾಗಿ ಕುಂತೋಯ್ತಾಳೆ. ಆಮೇಲೆ ಸೈನ್ಸು ಎಲ್ಲಿ ಬತ್ತದೆ? ಮಂಡ್ಯ ಆಸ್ಪತ್ರೇಲಿ ತೋರ್ಸಿ, ಕಲಿಕೆ ತೊಂದ್ರೆ ಅದೆ ಅಂತ ಸರ್ಟಿಫಿಕೇಟ್ ತನ್ನಿ. ಆಗ ಇವ್ಳು ಏಳಿದ್ನ ಇನ್ನೊಬ್ರು ಬರೀಬೌದು, ಟೈಮೂ ಜಾಸ್ತಿ ಸಿಕ್ತದೆ."

ಹೋಗುವ ಮುನ್ನ ಅವರು ಸೇರಿಸಿದರು, "ಹಳೇ ಸ್ಕೂಲಿನ ನೋಟ್ಸ್ ಪುಸ್ತಕನೂ ಕೇಳ್ತಾರೆ, ತಗಂಡ್ ಬನ್ನಿ."

ಆ ಪುಸ್ತಕಗಳಲ್ಲಿದ್ದುದು ನನ್ನ ಅಕ್ಷರ.

ಮೂರನೆಯ ತರಗತಿಯಲ್ಲಿ ಶುರುವಾಗಿದ್ದು. ಕಾಪಿ ಪುಸ್ತಕ ಬರೆಯುವಾಗ ಮಗು ಅತ್ತಳೆಂದು ಎರಡು ಸಾಲು ಬರೆದುಕೊಟ್ಟೆ. ಆಮೇಲೆ ಒಂದು ಪುಟ, ಆಮೇಲೆ ಎಲ್ಲ ಪುಟ. ಶಾಲೆಯಲ್ಲಿ ಬರೆದದ್ದನ್ನೂ ಮನೆಯಲ್ಲಿ ಹೊಸ ಪುಸ್ತಕಕ್ಕೆ ಇಳಿಸಿಕೊಡುತ್ತಿದ್ದೆ. ಕೊಂಚ ದಪ್ಪಗೆ, ಕೊಂಚ ಓರೆಯಾಗಿ, ಮಕ್ಕಳ ಕೈಬರಹದ ಹಾಗೆ ಬರೆಯುವುದು ನನಗೆ ರೂಢಿಯಾಯಿತು. ಐದನೆಯ ತರಗತಿಯಲ್ಲಿ ಅಂದದ ಬರವಣಿಗೆಗೆಂದು ಧನ್ಯಾಳಿಗೆ ಸ್ಟೀಲಿನ ಬುತ್ತಿಡಬ್ಬಿ ಬಹುಮಾನ ಬಂತು. ನಾನು ಸಭೆಯಲ್ಲಿ ಕೂತು ಚಪ್ಪಾಳೆ ತಟ್ಟಿದೆ. ಅವಳು ಆ ಡಬ್ಬಿಯನ್ನು ಒಂದು ದಿನವೂ ಶಾಲೆಗೆ ಒಯ್ಯಲಿಲ್ಲ. ಅವಳನ್ನು ಊರಲ್ಲಿ ಬಿಟ್ಟು ಬರಲು ಧೈರ್ಯವಿರಲಿಲ್ಲ ಎಂದೆನಲ್ಲ, ಇದೇ ಕಾರಣ. ನಾನಿಲ್ಲದಿದ್ದರೆ ಅವಳ ಪುಸ್ತಕ ಬರೆಯುವವರು ಯಾರು?

ಮದ್ದೂರಿಗೆ ಬಂದ ಮೇಲೆ ಹೊಸ ಕೆಲಸದ ಗಡಿಬಿಡಿಯಲ್ಲಿ ಮೂರು ವಾರ ಬರೆಯಲಾಗಲಿಲ್ಲ. ಅಷ್ಟಕ್ಕೇ ಮಹದೇವಮ್ಮ ಟೀಚರ್ ಕಂಡುಹಿಡಿದರು.

ಮಂಡ್ಯಕ್ಕೆ ಮೂವರೂ ಬಸ್ಸಿನಲ್ಲಿ ಹೋದೆವು. ಟೀಚರ್ ಅರ್ಧ ದಿನ ರಜೆ ಹಾಕಿದ್ದರು. ಡಾಕ್ಟರು ಚಿಕ್ಕ ವಯಸ್ಸಿನವರು, ಮೃದು ಮಾತು. ಮಗಳಿಂದ ಓದಿಸಿದರು, ಬರೆಸಿದರು, ಚಿತ್ರದ ಒಗಟು ಬಿಡಿಸಲು ಕೊಟ್ಟರು. ಒಗಟುಗಳನ್ನು ಅವಳು ಮುಗಿಸಿದ ವೇಗಕ್ಕೆ ಡಾಕ್ಟರು ಎರಡು ಸಲ ಗಡಿಯಾರ ನೋಡಿದರು. ಆಮೇಲೆ ನೋಟ್ಸ್ ತೆರೆದರು. ಮೂರನೆಯದು, ಐದನೆಯದು, ಏಳನೆಯದು.

"ಇಷ್ಟು ಚೆನ್ನಾಗಿ ಬರೆಯುತ್ತಿದ್ದ ಮಗು. ಹುಟ್ಟಿನಿಂದ ಇರುವ ತೊಂದರೆಯಾದರೆ ಆಗಲೇ ಕಾಣಬೇಕಿತ್ತಲ್ಲ? ಬುದ್ಧಿಯೂ ಚುರುಕಾಗಿದೆ. ಇದು ಊರು ಬದಲಾದದ್ದರಿಂದ ಬಂದಿರಬಹುದು. ಹೊಸ ಜಾಗ, ತಂದೆ ಜೊತೆಗಿಲ್ಲ. ಸ್ವಲ್ಪ ಸಮಯ ಕೊಡಿ, ಸರಿಹೋಗುತ್ತದೆ."

ಬಿಟ್ಟು ಬಂದೆ ಎಂದುಕೊಂಡಿದ್ದ ಮಾತು ಇಲ್ಲಿಗೂ ಬಂದು ನನಗಾಗಿ ಕಾದು ಕೂತಿತ್ತು. ಒಪ್ಪಿಕೊಂಡು ಎದ್ದು ಬರಬಹುದಿತ್ತು. ನನ್ನ ಮಾನ ಉಳಿಯುತ್ತಿತ್ತು. ಮಗಳು ಮುಂದಿನ ವರ್ಷ ಪರೀಕ್ಷೆಯ ಕೋಣೆಯಲ್ಲಿ ಒಬ್ಬಳೇ ಕೂತು ಮುಳುಗುತ್ತಿದ್ದಳು.

ಟೀಚರ್ ಒಂದು ಪುಸ್ತಕ ಎತ್ತಿಕೊಂಡು ನೋಡಿದರು. ನೋಡುತ್ತಲೇ ಇದ್ದರು. ಅಂಚೆ ಕಚೇರಿಯ ಬೋರ್ಡಿನಲ್ಲಿ ಅಂಟಿಸಿದ ಸೂಚನೆಗಳೆಲ್ಲ ನನ್ನ ಕೈಬರಹ. ದಪ್ಪ ಮಾಡಿದರೂ, ಓರೆ ಮಾಡಿದರೂ ಕೆಲವು ಅಕ್ಷರದ ಬಾಲ ಬದಲಾಗುವುದಿಲ್ಲ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ಈಗ ಹೇಳಿಯೇಬಿಡುತ್ತಾರೆ ಎಂದು ನಾನು ಕುರ್ಚಿ ಹಿಡಿದುಕೊಂಡೆ. ತುಂಬಿದ ಸಾಲಿನ ಮುಂದೆ ಬಾಯಿ ಬಿಟ್ಟಿದ್ದ ಹೆಂಗಸು ಅಲ್ಲಿ ತುಟಿ ಪಿಟಕ್ಕೆನ್ನಲಿಲ್ಲ. ಧನ್ಯಾ ನೆಲ ನೋಡುತ್ತಿದ್ದಳು. ಆರು ವರ್ಷದಿಂದ ಅವಳೂ ಯಾರಿಗೂ ಹೇಳಿರಲಿಲ್ಲ.

"ಅದು ನಾನು ಬರೆದದ್ದು," ಎಂದೆ. ದನಿ ಯಾರದೋ ಅನ್ನಿಸಿತು. "ಎಲ್ಲವೂ ನಾನೇ ಬರೆದದ್ದು. ಅವಳಿಗೆ ಯಾವತ್ತೂ ಬರುತ್ತಿರಲಿಲ್ಲ."

ಡಾಕ್ಟರು ಒಂದು ಹಾಳೆ ನನ್ನ ಮುಂದಿಟ್ಟು, ನೋಟ್ಸಿನಲ್ಲಿದ್ದ ಪಾಠದ ನಾಲ್ಕು ಸಾಲು ಬರೆಯಲು ಹೇಳಿದರು. ನನ್ನ ಪಕ್ಕದಲ್ಲಿ ಧನ್ಯಾಳಿಗೂ ಒಂದು ಹಾಳೆ ಕೊಟ್ಟರು. ನನ್ನ ನಾಲ್ಕು ಸಾಲು ಮುಗಿದಾಗ ಅವಳು ಎರಡನೆಯ ಪದದಲ್ಲಿದ್ದಳು. ಪೆನ್ನು ಹಿಡಿದ ಬೆರಳು ಬೆಳ್ಳಗಾಗಿತ್ತು. ನಾನು ಆ ಬೆರಳನ್ನು ಅಷ್ಟು ಹೊತ್ತು ನೋಡಿದ್ದು ಅದೇ ಮೊದಲು. ಅಲ್ಲೇ ಅತ್ತುಬಿಟ್ಟೆ.

ವಾಪಸು ಬರುವಾಗ ಬಸ್ಸಿನಲ್ಲಿ ಟೀಚರ್ ಅಂದರು, "ನಿಜವ ನೀವೇ ಏಳ್ತೀರೋ ಇಲ್ವೋ ಅಂತ ಕಾಯ್ತಿದ್ದೆ ಕಣಮ್ಮ. ನಾನ್ ಏಳುದ್ರೆ ಏನ್ ಬಂತು?" ಆಮೇಲೆ ಕಡಲೆಕಾಯಿ ಸುಲಿದು ಮೂವರಿಗೂ ಹಂಚಿದರು.

ಸರ್ಟಿಫಿಕೇಟು ಇನ್ನೂ ನಾಲ್ಕು ಸಲ ಓಡಾಡಿದ ಮೇಲೆ ಸಿಕ್ಕಿತು. ಅದರಿಂದ ಎಲ್ಲ ಮುಗಿಯಿತು ಎಂದುಕೊಳ್ಳಬೇಡಿ. ಪರೀಕ್ಷೆಯ ಅನುಮತಿಗೆ ಬೇರೆ ಅರ್ಜಿ, ಅದಕ್ಕೆ ಬೇರೆ ಸಹಿ. ಗಣಿತದ ಪ್ರತಿಭಾ ಪರೀಕ್ಷೆಗೆ ಹಾಕಿದರೆ, ಬರೆದುಕೊಡುವವರಿಗೆ ಅಲ್ಲಿ ಅವಕಾಶವಿಲ್ಲ ಎಂದರು. ಜಾಣೆ ಎನ್ನುವವರು ತೊಂದರೆಯನ್ನು ನಂಬುವುದಿಲ್ಲ, ತೊಂದರೆ ನಂಬಿದವರು ಜಾಣತನ ನಂಬುವುದಿಲ್ಲ. ಎರಡು ಮೇಜಿನ ನಡುವೆ ಓಡಾಡಿ ನನಗೆ ಸಾಕಾಗಿದೆ.

ರಜೆಯಲ್ಲಿ ಊರಿಗೆ ಹೋಗಿದ್ದೆವು. ಊಟಕ್ಕೆ ಕೂತಾಗ ಅಕ್ಕ ಕೇಳಿದಳು, "ಈಗ ಸರಿ ಆಗಿದ್ದಾಳಲ್ಲ?" ನಾನು ಹೇಳಿದೆ, "ಇಲ್ಲ ಅಕ್ಕ. ಅವಳಿಗೆ ಓದ್ಲಿಕ್ಕೆ ಬರುದಿಲ್ಲ. ಆ ಬಹುಮಾನ ಬಂದದ್ದು ನನ್ನ ಅಕ್ಷರಕ್ಕೆ." ಅಮ್ಮ ನನ್ನ ತಟ್ಟೆಗೆ ಇನ್ನೊಂದು ಮೀನು ಹಾಕಿದರು. "ಎಂತ ಮಾರಾಯ್ತಿ, ಮಂಡ್ಯದವರ ಹಾಗೆ ಮಾತಾಡ್ತಿ," ಎಂದಳು ಅಕ್ಕ. ಬಂಗುಡೆ ರುಚಿಯಾಗಿತ್ತು. ಆದರೂ ಆ ಮನೆಯಲ್ಲಿ ನಾನು ನೆಂಟರಂತೆ ಕೂತಿದ್ದೆ. ತಿರುಗಿ ಬಂದಾಗ ಕೆಂಪಮ್ಮ ಗೇಟಿನಲ್ಲೇ, "ಬಂದ್ರಾ ಮಂಗ್ಳೂರಮ್ಮ?" ಎಂದರು. ನಾನು ಉಡುಪಿಯವಳೆಂದು ನೂರು ಸಲ ಹೇಳಿಯಾಗಿದೆ.

ಕಳೆದ ಭಾನುವಾರ ವರ್ಗಾವಣೆಯ ಕೋರಿಕೆ ಅರ್ಜಿ ಮುಂದಿಟ್ಟುಕೊಂಡು ಕೂತಿದ್ದೆ. ಮಗಳ ಪರೀಕ್ಷೆ ಮುಗಿದ ಮೇಲೆ ಎಲ್ಲಿಗೆ ಹೋಗಲು ಇಷ್ಟವೆಂದು ತಿಳಿಸಬೇಕು. ಎರಡು ವಾರದಿಂದ ಆ ಅರ್ಜಿ ಹಾಗೇ ಇತ್ತು. ಧನ್ಯಾ ಬಂದು ಎದುರು ಕೂತಳು, ಪೆನ್ನು ನನ್ನ ಕೈಯಿಂದ ತೆಗೆದುಕೊಂಡಳು.

"ನೀನು ಹೇಳಮ್ಮ, ನಾನು ಬರೀತೇನೆ."

ಹೆಸರು ಬರೆದಳು. ಹುದ್ದೆ ಬರೆದಳು. ಅಷ್ಟಕ್ಕೆ ಕಾಲು ಗಂಟೆ ಹಿಡಿಯಿತು. ದೀರ್ಘ ಬಿಟ್ಟುಹೋದಲ್ಲಿ ನನ್ನ ಕೈ ತಾನಾಗಿ ಮುಂದೆ ಹೋಯಿತು, ಹಿಂದಕ್ಕೆಳೆದುಕೊಂಡೆ. ಆಮೇಲೆ ಅವಳು ಇಷ್ಟಪಡುವ ಊರು ಎಂಬ ಜಾಗದ ಮೇಲೆ ಪೆನ್ನಿಟ್ಟು ತಲೆಯೆತ್ತಿದಳು.

"ಯಾವ ಊರು ಬರೀಲಿ?"

ಆರು ವರ್ಷ ಅವಳ ಎಲ್ಲ ಪ್ರಶ್ನೆಗೂ ಉತ್ತರ ಬರೆದವಳು ನಾನು. ಉಡುಪಿಯೋ ಮದ್ದೂರೋ ಎಂದು ಆ ಖಾಲಿ ಜಾಗವನ್ನೇ ನೋಡಿದೆ.

"ಬೇಗ ಹೇಳು ಕಣಮ್ಮ," ಎಂದಳು, "ನನಗೆ ಬರೀಲಿಕ್ಕೆ ಹೊತ್ತು ಬೇಕು."