ಒಗರು ವೈನ್, ಖಾರದ ಎಣ್ಣೆ

ಒಲೆಯ ಮೇಲೆ ಒಗ್ಗರಣೆ ಸೀದು ಕಪ್ಪಾಗುತ್ತಿತ್ತು. ನನ್ನ ಗಂಡ ಗಿರೀಶ ಅದರ ಪಕ್ಕದಲ್ಲೇ ಸೌಟು ಹಿಡಿದು, ಕಿಟಕಿಯಾಚೆ ನೋಡುತ್ತ ನಿಂತಿದ್ದ. ನಾನು ಮಹಡಿಯಿಂದ ಓಡಿಬಂದು ಒಲೆ ಆರಿಸಿದೆ.

"ವಾಸನೆ ಬರ್ಲಿಲ್ವಾ ನಿಂಗೆ?"

"ಯಾವ ವಾಸನಿ?" ಎಂದ.

ಗೊತ್ತಾದದ್ದು ಹೀಗೆ. ಹಿಂದಿನ ವಾರ ಅವನಿಗೆ ಫ್ಲೂ ಬಂದಿತ್ತು. ಜ್ವರವೇನೋ ಹೋಯಿತು. ಹೋಗುವಾಗ ವಾಸನೆಯನ್ನೂ ಜೊತೆಗೆ ಒಯ್ದಿತ್ತು.

ನಾವಿರುವ ಡಚ್ ನಗರ ಯುಟ್ರೆಕ್ಟ್‌ನ ನಮ್ಮ ಹೌಸಾರ್ಟ್ಸ್ (ನೆಗಡಿಯಿಂದ ಹಿಡಿದು ಯಾವುದಕ್ಕಾದರೂ ಇಲ್ಲಿ ಮೊದಲು ನೋಡಬೇಕಾದ ಡಾಕ್ಟರ್) ಮೂಗಿನೊಳಗೆ ಲೈಟ್ ಬಿಟ್ಟು ನೋಡಿ, "ಕಾಯಿರಿ. ಬರಬಹುದು, ಬರದೆಯೂ ಇರಬಹುದು" ಎಂದರು. ಕಾದೆವು. ಬೇಸಿಗೆ ಬಂತು. ವಾಸನೆ ಬರಲಿಲ್ಲ.

ಗಿರೀಶ ಬಾಗಲಕೋಟೆಯವನು. ಊಟದ ವಿಷಯದಲ್ಲಿ ಅವನಷ್ಟು ಆಸೆಬುರುಕನನ್ನು ನಾನು ನೋಡಿಲ್ಲ. ವಾಸನೆ ಇಲ್ಲದೆ ಊಟವೆಲ್ಲ ಸಪ್ಪೆಯಾಗಿ, ಅಂಥವನು ಟೇಬಲ್ಲಿಗೆ ಬಂದು ಕೂರುವುದನ್ನೇ ಬಿಟ್ಟ. ಫ್ರಿಜ್ ಪಕ್ಕ ನಿಂತೇ ಒಂದು ಬ್ರೆಡ್ ತುಂಡು ತಿಂದು ಆಫೀಸಿನ ಟ್ರೇನ್ ಹಿಡಿಯುತ್ತಿದ್ದ. ಸ್ನೇಹಿತರು ಊಟಕ್ಕೆ ಕರೆದರೆ ನೆಪ ಹೇಳುತ್ತಿದ್ದ. ಪ್ಯಾಂಟು ಸಡಿಲವಾಯಿತು. ಮಾತೂ ಕಡಿಮೆಯಾಯಿತು. ಡಚ್ಚರು ರುಚಿಯಾದ ಊಟಕ್ಕೂ ಲೆಕ್ಕರ್ ಅನ್ನುತ್ತಾರೆ, ಹಿತವಾದ ಬಿಸಿಲಿಗೂ ಲೆಕ್ಕರ್, ಒಳ್ಳೆಯ ನಿದ್ದೆಗೂ ಲೆಕ್ಕರ್. ಒಂದು ದಿನ ಮಗಳು ಅನಘಾ ಅಭ್ಯಾಸಬಲದಿಂದ "ಲೆಕ್ಕರ್, ಪಪ್ಪಾ?" ಎಂದು ಕೇಳಿ, ತಕ್ಷಣ ತಲೆ ತಗ್ಗಿಸಿದಳು. ನನಗೆ ನಿಜವಾಗಿ ಭಯವಾದದ್ದು ಆಗ.

ಅಕ್ಟೋಬರಿನ ಶಾಲಾ ರಜೆಗೆಂದು ಇಟಲಿಯ ಉಂಬ್ರಿಯಾ ಗುಡ್ಡಗಳ ನಡುವೆ ಒಂದು ತೋಟದ ಮನೆಯನ್ನು ಫ್ಲೂಗೂ ಮೊದಲೇ ಬುಕ್ ಮಾಡಿದ್ದೆವು. ಬುಕ್ ಮಾಡಿದವನೂ ಅವನೇ, ಅಲ್ಲಿನ ಊಟ ಮತ್ತು ವೈನ್‌ಗಾಗಿ.

"ನೀವಿಬ್ಬರೂ ಹೋಗಿ ಬರ್ರಿ," ಎಂದ. "ನಾ ಬಂದು ಏನ್ ಮಾಡ್ಲಿ? ನನಗ ವೈನೂ ಅಷ್ಟ, ನಲ್ಲಿ ನೀರೂ ಅಷ್ಟ."

"ಗುಡ್ಡ ನೋಡೋದಕ್ಕೆ ಮೂಗು ಬೇಡ, ಬಾ," ಎಂದೆ. ಕೊನೆಗೆ ಬಂದ, ಒಂದು ಷರತ್ತಿನ ಮೇಲೆ. "ಅಲ್ಲಿ ಯಾರಿಗೂ ಹೇಳಬ್ಯಾಡ. ಅಯ್ಯೋ ಪಾಪ ಅನ್ನೋರು ಇಲ್ಲೇ ಸಾಕಷ್ಟು ಮಂದಿ ಇದ್ದಾರ."

ತೋಟದ ಒಡತಿ ಪಾವೊಲಾಗೆ ಐವತ್ತರ ಆಸುಪಾಸು. ಅಡುಗೆ ಅವಳದೇ, ಬಡಿಸುವುದೂ ಅವಳೇ. ಮೊದಲ ಸಂಜೆ ಚನ್ನಂಗಿ ಬೇಳೆಯ ಹಾಗಿದ್ದ ಪುಟ್ಟ ಕಾಳುಗಳ ಸಾರು ಕೊಟ್ಟಳು. ಗಿರೀಶ ಉಪ್ಪು ಸುರಿದುಕೊಂಡ. ಪಾಸ್ತಾ ಬಂತು. ಮತ್ತೆ ಉಪ್ಪು. ಮರುದಿನವೂ ಅದೇ. ಯಾವ ಅಡುಗೆಯವರು ಇದನ್ನು ಸಹಿಸುತ್ತಾರೆ? ಪಾತ್ರೆ ತೆಗೆಯುವಾಗ ಪಾವೊಲಾ ನನ್ನನ್ನು ಪಕ್ಕಕ್ಕೆ ಕರೆದು, ಹರಕು ಇಂಗ್ಲಿಷಿನಲ್ಲಿ ನೇರವಾಗಿ ಕೇಳಿದಳು: "ನಿನ್ನ ಗಂಡನಿಗೆ ನನ್ನ ಕೈಯಡುಗೆ ಹಿಡಿಸಲಿಲ್ಲ, ಅಲ್ಲವೇ?"

ಅವಳ ಮುಖ ನೋಡಿ ಸುಮ್ಮನಿರಲಾಗಲಿಲ್ಲ. ಹೇಳಿಬಿಟ್ಟೆ.

ರೂಮಿಗೆ ಹೋಗಿ ಅದನ್ನು ಅವನಿಗೂ ಹೇಳಿದೆ. "ಹೇಳಬ್ಯಾಡ ಅಂದಿದ್ನಿಲ್ಲೋ?" ಎಂದು ಗೋಡೆ ಕಡೆ ತಿರುಗಿ ಮಲಗಿದ. ಬೆಳಿಗ್ಗೆಯೂ ಮಾತಿಲ್ಲ. ಇಡೀ ದಿನ ಮಗಳೇ ನಮ್ಮಿಬ್ಬರ ನಡುವಿನ ಪೋಸ್ಟ್‌ಮನ್.

ಸಂಜೆ ಊಟಕ್ಕೆ ಬರುವುದಿಲ್ಲವೆಂದು ಹಟ ಹಿಡಿದ. ಅನಘಾ ಕೈ ಹಿಡಿದು ಎಳೆದು ತಂದಳು. ಪಾವೊಲಾ "ಅಯ್ಯೋ ಪಾಪ" ಅನ್ನಲಿಲ್ಲ. ಕಬ್ಬಿಣದ ಹಂಚಿನ ಮೇಲೆ ಸುಟ್ಟ ದಪ್ಪ ರೊಟ್ಟಿಯನ್ನು ಹೊಗೆಯಾಡುತ್ತಿದ್ದ ಹಾಗೆಯೇ ಅವನ ಮುಂದಿಟ್ಟಳು. ಅವನು ಮುರಿದ. ಟಪ್ ಎಂದಿತು. ಒಳಗೆ ಮೆತ್ತಗೆ, ಅಂಚು ಗರಿಗರಿ. ಊರಿನ ರೊಟ್ಟಿಯೇನಲ್ಲ ಅದು. ಆದರೂ ಕೈ ತಾನಾಗಿ ಇನ್ನೊಂದು ತುಂಡು ಮುರಿಯಿತು.

ನಂತರ, ಅವನು ಆವರೆಗೆ ಮುಟ್ಟಿಯೇ ಇರದ, ಅಲ್ಲಿಯದೇ ದ್ರಾಕ್ಷಿಯ ಕಡುಗೆಂಪು ವೈನ್ ಬಂತು. ಒಂದು ಗುಟುಕು ಕುಡಿದು ಗಿರೀಶ ನಾಲಗೆಯನ್ನು ಬಾಯೊಳಗೆಲ್ಲ ಆಡಿಸಿದ. ಹುಬ್ಬು ಮೇಲೇರಿತು.

"ಒಗರು!" ಎಂದ. ಇಡೀ ದಿನದಲ್ಲಿ ನನಗೆ ಅವನಾಡಿದ ಮೊದಲ ಮಾತು. "ನೇರಳಿ ಹಣ್ಣು ತಿಂದಂಗ ನಾಲಿಗಿ ಹಿಡಿದು ಜಗ್ಗತೈತಿ. ನೋಡ, ನೀನೂ ಕುಡದ್ ನೋಡ."

ನಾನೂ ಕುಡಿದೆ. ಹೌದು, ಒಗರೇ. ಎರಡು ಸಂಜೆ ಅದೇ ವೈನ್ ಕುಡಿದು "ನೈಸ್" ಅಂದಿದ್ದೆ. ಒಗರು ನನ್ನ ಗಮನಕ್ಕೇ ಬಂದಿರಲಿಲ್ಲ. (ಫೋಟೋ ಮಾತ್ರ ಹಾಕಿದ್ದೆ.)

ಪಾವೊಲಾ ಆ ವಾರವಷ್ಟೇ ಗಾಣದಿಂದ ತಂದಿದ್ದ ಹಸಿರು ಆಲಿವ್ ಎಣ್ಣೆಯನ್ನು ಸುಟ್ಟ ಬ್ರೆಡ್ಡಿನ ಮೇಲೆ ಸುರಿದು ಕೊಟ್ಟಳು. ಗಿರೀಶ ದೊಡ್ಡ ತುತ್ತು ಕಚ್ಚಿದ. ನುಂಗಿದ. ಆಮೇಲೆ ಕೆಮ್ಮತೊಡಗಿದ. ಕಣ್ಣಲ್ಲಿ ನೀರು. ನಾನು ಗಾಬರಿಯಾಗಿ ನೀರು ಮುಂದೆ ಹಿಡಿದೆ. ಅವನು ಕೈ ಅಡ್ಡ ಹಿಡಿದ.

"ಖಾರ ಐತಿ! ಗಂಟಲದಾಗ ಖಾರ ಹತ್ತೇತಿ!"

ಪಾವೊಲಾ ನಕ್ಕಳು. ಹೊಸ ಎಣ್ಣೆ ಕೆಮ್ಮಿಸಬೇಕು, ಕೆಮ್ಮಿಸದಿದ್ದರೆ ಅದು ಎಣ್ಣೆಯೇ ಅಲ್ಲ ಎಂದಳು. ಅವನು ಇನ್ನೊಂದು ಬ್ರೆಡ್ ಕೇಳಿದ. ಎಷ್ಟೋ ತಿಂಗಳ ಮೇಲೆ "ಇನ್ನೊಂದು" ಎಂಬ ಮಾತು ಅವನ ಬಾಯಿಂದ ಬಂತು. ನಾನು ಪ್ಲೇಟಿನ ಕಡೆ ನೋಡುತ್ತ ಕಣ್ಣೊರೆಸಿಕೊಂಡೆ. ಎಣ್ಣೆಯ ಖಾರ ಎಂದುಕೊಂಡಳು ಮಗಳು. ಇರಲಿ.

ಪವಾಡವೇನೂ ನಡೆಯಲಿಲ್ಲ. ಕಾಫಿ ಅವನಿಗೆ ಈಗಲೂ ಬರೀ ಕಹಿ ಬಿಸಿನೀರು. ಮಲ್ಲಿಗೆ ಬಿಳಿ ಹೂವು, ಅಷ್ಟೇ. ಆದರೆ ಈಗ ಟೇಬಲ್ಲಿಗೆ ಬಂದು ಕೂರುತ್ತಾನೆ. ಹಸಿ ಈರುಳ್ಳಿ, ಗುರೆಳ್ಳು ಚಟ್ನಿಪುಡಿ, ಗಟ್ಟಿ ಮೊಸರು ಕೇಳುತ್ತಾನೆ. ಕರಕರ ಎನ್ನಬೇಕು, ತಣ್ಣಗಿರಬೇಕು, ಸುಡಬೇಕು, ನಾಲಗೆ ಜಗ್ಗಬೇಕು. ರುಚಿಗೆ ಇಷ್ಟೊಂದು ಬಾಗಿಲುಗಳಿದ್ದವೇ? ಒಂದು ಮುಚ್ಚುವವರೆಗೆ ನಾವು ಉಳಿದವನ್ನು ತಟ್ಟಿಯೂ ನೋಡಿರಲಿಲ್ಲ.

ಕಳೆದ ಭಾನುವಾರ ಅವನೇ ಸ್ನೇಹಿತರನ್ನು ಊಟಕ್ಕೆ ಕರೆದ. ಅವರಲ್ಲೊಬ್ಬ, ಹುಬ್ಬಳ್ಳಿಯವನು, ರೊಟ್ಟಿ ಮುರಿಯುತ್ತ ಕೇಳಿದ: "ಏನಪಾ, ಇಟಲಿಗೆ ಹೋಗಿ ವಾಸನಿ ವಾಪಸ್ ಬಂತೇನು?"

"ವಾಸನಿ ಬರಲಿಲ್ಲೋ," ಎಂದ ಗಿರೀಶ, ಚಟ್ನಿಯ ಬಟ್ಟಲು ತನ್ನ ಕಡೆ ಎಳೆದುಕೊಳ್ಳುತ್ತ. "ಹಸಿವು ಬಂತು."