ಹಳದಿ ಅಂಗಿಯ ಕಿಸೆ

ಕುಮಟಾ, ಹೊನ್ನಾವರದ ನಡುವೆ ಓಡುವ ಟೆಂಪೋದ ಕಂಡಕ್ಟರ್ ಕೃಷ್ಣಾನಂದನ ಬಾಯಿಗೆ ಹಗಲೆಲ್ಲ ಪುರುಸೊತ್ತಿಲ್ಲ. "ಧಾರೇಶ್ವರ, ಹಳದೀಪುರ, ಕರ್ಕಿ" ಎಂದು ಕೂಗಬೇಕು, ಮೀನುಬುಟ್ಟಿಯವರ ಸಂಗಡ ಜಗಳಾಡಬೇಕು, ಅಜ್ಜಿಯಂದಿರನ್ನು ನಗಿಸಿ ಹಿಂದಕ್ಕೆ ಸರಿಸಬೇಕು. ಇಂಥ ಮಹಾಶಯ ಸಂಜೆ ಧಾರೇಶ್ವರದ ಮನೆಯ ಮೆಟ್ಟಿಲು ಹತ್ತಿದನೆಂದರೆ ಬಾಯಿಗೆ ಬೀಗ. ಊಟ, ಮೊಬೈಲು, ನಿದ್ದೆ. ಹೆಂಡತಿ ರೂಪಾ ಏನು ಕೇಳಿದರೂ ಒಂದು "ಹೂಂ". ಮೂರು ವರ್ಷದ ಮಗಳು ಮಧುರಾಳಿಗೆ ಅದೂ ಇಲ್ಲ.

ಚಿಕ್ಕ ಮಕ್ಕಳು ಮಾತು ಕಲಿಯುವ ಬಗೆಯನ್ನು ಅಧ್ಯಯನ ಮಾಡುವವರು ಊರಿಗೆ ಬಂದದ್ದು ಆಗಲೇ. ಅವರಲ್ಲೊಬ್ಬ, ಸುಜಯ ಎಂಬ ತರುಣ, ಒಂದು ಭಾನುವಾರ ಬೆಳಿಗ್ಗೆ ಮಧುರಾಳಿಗೆ ಹಳದಿ ಅಂಗಿ ತೊಡಿಸಿದ. ಎದೆಯ ಕಿಸೆಯಲ್ಲಿ ಪುಟ್ಟ ರೆಕಾರ್ಡರು. ಮಗುವಿನ ಕಿವಿಗೆ ದಿನವಿಡೀ ಎಷ್ಟು ಮಾತು ಬೀಳುತ್ತದೆ ಎಂಬುದನ್ನು ಅದು ಹಿಡಿದಿಡುತ್ತದಂತೆ.

"ನೀವು ದಿನಾ ಇರೋ ಹಾಗೇ ಇರಿ," ಎಂದ ಸುಜಯ.

ಹಾಗೇ ಇರಲು ಕೃಷ್ಣಾನಂದನಿಗೇನು ಹುಚ್ಚೇ? ಕಂಡಕ್ಟರನ ಮನೆ ಮೂಗರ ಮನೆಯೆಂದು ಬರೆದುಕೊಂಡು ಹೋದರೆ ಮರ್ಯಾದೆ ಏನಾಗಬೇಕು? ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು, ಟೆಂಪೋ ಹತ್ತಿದ ಏಡಿಯ ಕತೆ ಹೇಳಿದ. ಏಡಿ ಅರ್ಧ ಟಿಕೆಟ್ ಕೇಳಿತು, ಕಿಟಕಿ ಸೀಟಿಗೆ ಜಗಳ ತೆಗೆಯಿತು. ಮಧುರಾ ಬಿದ್ದುಬಿದ್ದು ನಕ್ಕಳು. "ಮತ್ತೆ ಎಂತ ಆತು?" ಎಂದು ಅವನ ಗದ್ದ ಹಿಡಿದು ಕೇಳಿದಳು. ಸಂಜೆ ಸುಜಯ ಅಂಗಿ ಬಿಚ್ಚಿಸಿಕೊಂಡು ಹೋದ. ಕತೆಯೂ ಅಲ್ಲಿಗೇ ನಿಂತಿತು.

ಆ ವಾರ ಮಧುರಾ ತನ್ನ ಫ್ರಾಕಿನ ಕಿಸೆಯಲ್ಲಿ ಕಡ್ಡಿಪೆಟ್ಟಿಗೆ ಇಟ್ಟುಕೊಂಡು ಬಂದು ಅಪ್ಪನ ಮುಂದೆ ನಿಂತಳು. ಕಿಸೆ ತಟ್ಟಿ ತೋರಿಸಿದಳು. ಕೃಷ್ಣಾನಂದ ಮೊಬೈಲಿನಿಂದ ಕಣ್ಣೆತ್ತಿ, "ಬೆಂಕಿ ಸಂಗಡ ಎಂತ ಆಟ ನಿಂದು?" ಎಂದು ಗದರಿ, ಅದನ್ನು ಕಸಿದು ಕಪಾಟಿನ ಮೇಲಿಟ್ಟ. ಮರುದಿನ ಬಾಚಣಿಗೆ ಇಟ್ಟುಕೊಂಡು ಬಂದಳು. ಅವನು ಕಂಡೂ ಕಾಣದಂತೆ ಮೊಬೈಲು ನೋಡುತ್ತಲೇ ಇದ್ದ. ಆಮೇಲೆ ಅವಳು ಬರುವುದನ್ನೇ ಬಿಟ್ಟಳು.

ವರ್ಷ ಕಳೆದು ಸುಜಯ ಅದೇ ಅಂಗಿಯೊಡನೆ ಮತ್ತೆ ಬಂದ. ಅಂಗಿ ಕಂಡದ್ದೇ ಮಧುರಾ ಅಡುಗೆಮನೆಗೆ ಓಡಿದಳು.

"ಅಮ್ಮಾ, ಬೇಗ ಬಾ. ಇವತ್ತು ಅಪ್ಪ ಮಾತಾಡ್ತಾನೆ."

ಸುಜಯ ತಲೆ ತಗ್ಗಿಸಿ ರೆಕಾರ್ಡರಿನ ಗುಂಡಿ ಹುಡುಕತೊಡಗಿದ. ಕೃಷ್ಣಾನಂದನಿಗೆ ಕಡ್ಡಿಪೆಟ್ಟಿಗೆ ನೆನಪಾಯಿತು, ಬಾಚಣಿಗೆ ನೆನಪಾಯಿತು. ಛೇ, ದಾರಿಯಲ್ಲಿ ಹೋಗುವವರಿಗೆಲ್ಲ ಮಾತು ಹಂಚಿದವನು, ಹೆತ್ತ ಮಗಳು ಮಾತು ಬೇಡಿ ಬಂದಾಗ ಬೈದು ಕಳಿಸಿದ್ದ.

"ಇದು ಬೇಡ ಮಾರಾಯ್ರೆ, ತಕಂಡು ಹೋಗಿ," ಎಂದು ಅಂಗಿಯನ್ನು ಸುಜಯನ ಕೈಗೆ ಕೊಟ್ಟ. ಮಗಳನ್ನು ತೊಡೆಯ ಮೇಲೆ ಕೂರಿಸಿಕೊಂಡು ಏಡಿಯ ಕತೆಯನ್ನು ಬಿಟ್ಟಲ್ಲಿಂದಲೇ ಹಿಡಿದ.

ಮಧುರಾ ನಗಲಿಲ್ಲ. ತನ್ನ ಎದೆಯನ್ನೊಮ್ಮೆ ಮುಟ್ಟಿ ನೋಡಿಕೊಂಡು, ಅಂಗಳ ದಾಟುತ್ತಿದ್ದ ಸುಜಯನತ್ತ ಕೈ ತೋರಿಸಿದಳು.

"ಅಂಗಿ ಹೋತಲ್ಲ ಅಪ್ಪ. ಈಗ ಯಾರಿಗೆ ಹೇಳ್ತೀ?"